ಪ್ರಶ್ನೋತ್ತರ: ಬಿಟ್ಟುಕೊಡದ ಸಾರ್ವಭೌಮತ್ವ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟಿನ ಜೊತೆಯಲ್ಲಿ ಸೇರ್ಪಡೆಯಾದ ಆಟಗಳನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಒಂದು ಟಿಪ್ಪಣಿ ಪ್ರಕಟವಾಗಿತ್ತು. ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು ಎಸೆದು ಆಡುವ ಲಕ್ರಾಸ್ ಆಟವನ್ನು ಜಗತ್ತಿಗೆ ಕೊಟ್ಟ, ಉತ್ತರ ಅಮೆರಿಕದ ಮೂಲನಿವಾಸಿಗಳಾದ ಹೋಡೆನೊಶೋನಿ ಜನರು ಅಲ್ಲಿ ತಮ್ಮ ಬಾವುಟದಡಿ ಆಡುವಂತಿಲ್ಲ ಎಂಬ ಒಂದು ವಾಕ್ಯ ಅದರಲ್ಲಿತ್ತು. ಓದುಗರ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯವನ್ನೇ ಹಿಡಿದು ಪ್ರಶ್ನೆ ಕೇಳಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಅಮೆರಿಕ ಮತ್ತು ಕೆನಡಾ ದೇಶಗಳ ಒಳಗೇ ವಾಸಿಸುವ ಜನರು ತಮ್ಮನ್ನು ಬೇರೆ ದೇಶವೆಂದು ಪರಿಗಣಿಸಬೇಕೆಂದು ಕೇಳುವುದು ಹೇಗೆ ಸಾಧ್ಯ? ಅವರಿಗೆ ಸ್ವಂತ ಪಾಸ್‌ಪೋರ್ಟ್ ಕೂಡ ಇದೆಯಂತೆ, ಅದು ನಿಜವೇ? ದಯವಿಟ್ಟು ವಿವರಿಸಿ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ, ಅವರಿಗೆ ಸ್ವಂತ ಪಾಸ್‌ಪೋರ್ಟ್ ಇದೆ. ತಮ್ಮ ಪ್ರಶ್ನೆಯಲ್ಲಿರುವ 'ಒಳಗೇ' ಎಂಬ ಪದವನ್ನು ಮಾತ್ರ ಅವರು ಒಪ್ಪುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನವೂ ಕೆನಡಾವೂ ಹುಟ್ಟುವುದಕ್ಕೆ ಬಹಳ ಹಿಂದೆಯೇ, ಈಗಿನ ನ್ಯೂಯಾರ್ಕ್ ರಾಜ್ಯದ ಉದ್ದಕ್ಕೂ ನೆಲೆಸಿದ್ದ ಮೊಹಾಕ್, ಒನೈಡಾ, ಒನೊಂಡಾಗಾ, ಕಯೂಗಾ ಮತ್ತು ಸೆನೆಕಾ ಎಂಬ ಐದು ರಾಷ್ಟ್ರಗಳು ತಮ್ಮೊಳಗಿನ ರಕ್ತಪಾತವನ್ನು ನಿಲ್ಲಿಸಿ ಒಂದು ಒಕ್ಕೂಟವನ್ನು ಕಟ್ಟಿಕೊಂಡಿದ್ದವು. 1722ರ ಸುಮಾರಿಗೆ, ದಕ್ಷಿಣದ ಕರೊಲಿನಾ ಪ್ರದೇಶದಿಂದ ನೆಲೆ ತಪ್ಪಿ ಬಂದ ಟಸ್ಕರೋರಾ ಜನರನ್ನು ಸೇರಿಸಿಕೊಂಡ ಮೇಲೆ ಅವು ಆರು ರಾಷ್ಟ್ರಗಳಾದವು. 'ಇರೊಕ್ವಾಯ್' ಎಂಬುದು ಫ್ರೆಂಚರ ಮೂಲಕ ರೂಢಿಗೆ ಬಂದ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಹೋಡೆನೊಶೋನಿ ಎಂದು, ಅಂದರೆ ನೀಳಮನೆಯ ಜನರು ಎಂದು. ಒಂದೇ ಚಾವಣಿಯ ಕೆಳಗೆ ಸಾಲಾಗಿ ಹಲವು ಒಲೆಗಳು ಉರಿಯುವ, ಹಲವು ಸಂಸಾರಗಳು ಬಾಳುವ ಉದ್ದನೆಯ ಮನೆ ಅವರ ವಾಸದ ರೂಪವಾಗಿತ್ತು. ಅದೇ ಅವರ ರಾಜ್ಯವ್ಯವಸ್ಥೆಯ ಚಿತ್ರವೂ ಆಯಿತು. ಮೊಹಾಕರು ಆ ಮನೆಯ ಪೂರ್ವದ ಬಾಗಿಲನ್ನೂ ಸೆನೆಕಾ ಜನರು ಪಶ್ಚಿಮದ ಬಾಗಿಲನ್ನೂ ಕಾಯುತ್ತಾರೆ. ನಡುಮನೆಯ ಒಲೆ ಒನೊಂಡಾಗಾದವರದು. ಮಹಾಸಭೆ ಇಂದಿಗೂ ಸೇರುವುದು ಸಿರಾಕ್ಯೂಸ್ ನಗರದ ದಕ್ಷಿಣಕ್ಕಿರುವ ಒನೊಂಡಾಗಾ ನೆಲದಲ್ಲಿ.

ಈ ಒಕ್ಕೂಟವನ್ನು ಕಟ್ಟಿಸಿದ ಮಹಾಪುರುಷನನ್ನು ಅವರು ಶಾಂತಿಕಾರನೆಂದು ಮಾತ್ರ ಸ್ಮರಿಸುತ್ತಾರೆ. ಆತನ ಹೆಸರನ್ನು ಸಂದರ್ಭವಿಲ್ಲದೆ ಉಚ್ಚರಿಸುವುದು ಅವರಲ್ಲಿ ಮರ್ಯಾದೆಯಲ್ಲ. ತನ್ನವರನ್ನು ಕಳೆದುಕೊಂಡು ದುಃಖದಲ್ಲಿ ಅಲೆಯುತ್ತಿದ್ದ ಹಯವಾಥಾ ಆತನ ಜೊತೆಗೂಡಿದ, ಜಿಗೊನ್ಸಾಸೆ ಎಂಬ ಮಹಿಳೆ ಶಾಂತಿಯ ಮಾತನ್ನು ಎಲ್ಲರಿಗಿಂತ ಮೊದಲು ಒಪ್ಪಿದಳು, ಎಲ್ಲರಿಗಿಂತ ಕೊನೆಯಲ್ಲಿ ಮಣಿದವನು ಒನೊಂಡಾಗಾದ ಕ್ರೂರ ನಾಯಕ ಟಡೊಡಾಹೊ. ಕಥೆಯ ನನಗೆ ಬಹಳ ಹಿಡಿಸುವ ಭಾಗ ಇದು: ಆ ಕೊನೆಯ ವಿರೋಧಿಯನ್ನು ಶಿಕ್ಷಿಸದೆ ಅವನಿಗೇ ಸಭೆಯ ಹಿರಿತನವನ್ನು ಒಪ್ಪಿಸಲಾಯಿತು, ಇಂದಿಗೂ ಮಹಾಸಭೆಯ ಹಿರಿಯನ ಪದವಿಯ ಹೆಸರು ಟಡೊಡಾಹೊ ಎಂದೇ ಇದೆ. ಆಯುಧಗಳನ್ನು ಹೂತು, ಅವುಗಳ ಮೇಲೆ ಬಿಳಿ ಪೈನ್ ಮರವೊಂದನ್ನು ನೆಟ್ಟು ಒಕ್ಕೂಟವನ್ನು ಸ್ಥಾಪಿಸಿದರೆಂದು ಅವರ ಪರಂಪರೆ ಹೇಳುತ್ತದೆ.

ಇಂತಹ ಒಕ್ಕೂಟದೊಂದಿಗೆ ಡಚ್ಚರು, ಫ್ರೆಂಚರು, ಬ್ರಿಟಿಷರು, ಕೊನೆಗೆ ಅಮೆರಿಕನ್ನರು ಒಪ್ಪಂದಗಳನ್ನು ಮಾಡಿಕೊಂಡರು. ಒಪ್ಪಂದವೆಂಬುದು ಎರಡು ರಾಷ್ಟ್ರಗಳ ನಡುವೆ ಆಗುವಂಥದ್ದು, ನಾವು ಅದನ್ನು ಎಂದೂ ರದ್ದು ಮಾಡಿಲ್ಲ, ಆದ್ದರಿಂದ ನಮ್ಮ ರಾಷ್ಟ್ರತ್ವವೂ ಮುಗಿದಿಲ್ಲ ಎಂಬುದು ಅವರ ನಿಲುವು. ಇದು ಬರಿಯ ಮಾತಲ್ಲ. 1924ರಲ್ಲಿ ಅಮೆರಿಕ ತನ್ನ ಗಡಿಯೊಳಗಿನ ಎಲ್ಲ ಮೂಲನಿವಾಸಿಗಳನ್ನು ಪೌರರೆಂದು ಕಾನೂನಿನ ಮೂಲಕ ಘೋಷಿಸಿದಾಗ, ನಮ್ಮ ಒಪ್ಪಿಗೆಯಿಲ್ಲದೆ ನಮ್ಮನ್ನು ನಿಮ್ಮ ಪ್ರಜೆಗಳಾಗಿಸಲು ಬರುವುದಿಲ್ಲವೆಂದು ಅವರು ಅದನ್ನು ನಿರಾಕರಿಸಿದರು. 1942ರಲ್ಲಿ ಅವರ ಪ್ರತಿನಿಧಿಗಳು ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲುಗಳ ಮೇಲೆ ನಿಂತು ಜರ್ಮನಿ, ಇಟಲಿ, ಜಪಾನುಗಳ ವಿರುದ್ಧ ಪ್ರತ್ಯೇಕವಾಗಿ ಯುದ್ಧ ಘೋಷಿಸಿದರು. ತಮ್ಮ ಯುವಕರು ಹೋರಾಡುವುದು ಅಮೆರಿಕದ ಪ್ರಜೆಗಳಾಗಿ ಅಲ್ಲ, ಮಿತ್ರರಾಷ್ಟ್ರದವರಾಗಿ ಎಂಬುದು ಅದರ ಅರ್ಥವಾಗಿತ್ತು.

ಈಗ ಪಾಸ್‌ಪೋರ್ಟಿನ ವಿಷಯ. ಅವರ ಲಕ್ರಾಸ್ ತಂಡ 1983ರಲ್ಲಿ ರೂಪುಗೊಂಡಿತು. 1990ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ವಿಶ್ವ ಚಾಂಪಿಯನ್‌ಷಿಪ್‌ಗೆ ಆಟಗಾರರು ಹೋಡೆನೊಶೋನಿ ಪಾಸ್‌ಪೋರ್ಟ್ ಹಿಡಿದೇ ಹೋಗಿ ಬಂದರು. 2010ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೊರಟಾಗ ತೊಡಕಾಯಿತು. ಆ ಪಾಸ್‌ಪೋರ್ಟಿನಲ್ಲಿ ಹೊಸ ಭದ್ರತಾ ಗುರುತುಗಳಿಲ್ಲವೆಂದು ಮೊದಲು ಅಮೆರಿಕವೇ ತಡೆಯಿತು. ವಿದೇಶಾಂಗ ಸಚಿವೆಯಾಗಿದ್ದ ಹಿಲರಿ ಕ್ಲಿಂಟನ್ ಒಂದು ಬಾರಿಯ ವಿನಾಯಿತಿ ಕೊಟ್ಟ ಮೇಲೂ ಬ್ರಿಟನ್ ವೀಸಾ ನಿರಾಕರಿಸಿತು. ಅಮೆರಿಕದ ಅಥವಾ ಕೆನಡಾದ ಪಾಸ್‌ಪೋರ್ಟ್ ತಂದರೆ ಬಿಡುತ್ತೇವೆ ಎಂಬ ದಾರಿ ತೆರೆದೇ ಇತ್ತು. 23 ಆಟಗಾರರು ನ್ಯೂಯಾರ್ಕಿನಲ್ಲಿ ದಿನಗಟ್ಟಲೆ ಕಾದು ಕುಳಿತರೇ ಹೊರತು ಆ ದಾರಿ ಹಿಡಿಯಲಿಲ್ಲ, ಇಂಗ್ಲೆಂಡಿನ ವಿರುದ್ಧ ಆಡಬೇಕಿದ್ದ ಆರಂಭದ ಪಂದ್ಯ ಕೈತಪ್ಪಿತು, ತಂಡ ಮನೆಗೆ ಮರಳಿತು. ತಾವು ಕಂಡುಹಿಡಿದ ಆಟದ ವಿಶ್ವಸ್ಪರ್ಧೆಯನ್ನೇ ಒಂದು ಪುಟ್ಟ ಪುಸ್ತಕದ ಗೌರವಕ್ಕಾಗಿ ಬಿಟ್ಟುಕೊಟ್ಟ ಆ ಹುಡುಗರ ಬಗ್ಗೆ ನನಗೆ ಅಪಾರ ಗೌರವವಿದೆ, ಅವರನ್ನು ತಡೆದದ್ದು ತಪ್ಪೆಂದೇ ನಾನು ತಿಳಿಯುತ್ತೇನೆ. 2018ರಲ್ಲಿ ಇಸ್ರೇಲಿನ ನೆತನ್ಯಾಕ್ಕೆ ಹೋಗುವಾಗಲೂ ತೊಂದರೆಯಾಯಿತು. ಕೊನೆಯ ಗಳಿಗೆಯಲ್ಲಿ ಪ್ರವೇಶ ದೊರೆತು ತಂಡ ಕಂಚಿನ ಪದಕ ಗೆದ್ದಿತು.

ಒಲಿಂಪಿಕ್ಸಿನ ಅಡ್ಡಿ ಬೇರೆ ಬಗೆಯದು. ರಾಷ್ಟ್ರೀಯ ಒಲಿಂಪಿಕ್ ಸಮಿತಿಯಿರುವ ದೇಶಗಳ ತಂಡಗಳಿಗೆ ಮಾತ್ರ ಅಲ್ಲಿ ಪ್ರವೇಶ. ಹೋಡೆನೊಶೋನಿಗೆ ಅಂತಹ ಸಮಿತಿಯ ಮಾನ್ಯತೆಯಿಲ್ಲ. 2023ರ ಡಿಸೆಂಬರಿನಲ್ಲಿ ಅಧ್ಯಕ್ಷ ಜೋ ಬೈಡನ್ ಅವರು ತಂಡದ ಬೇಡಿಕೆಯನ್ನು ಬಹಿರಂಗವಾಗಿ ಬೆಂಬಲಿಸಿದರೂ ಅಂತರರಾಷ್ಟ್ರೀಯ ಸಮಿತಿ ತನ್ನ ನಿಯಮವನ್ನೇ ಮುಂದೊಡ್ಡಿತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ಮೊಹಾಕ್ ಆಟಗಾರರ ತಂಡವೊಂದು ಕಂಚು ಗೆದ್ದಿತ್ತು, ಆದರೆ ಆ ಪದಕ ಕೆನಡಾದ ಲೆಕ್ಕಕ್ಕೆ ಸೇರಿಹೋಯಿತು. ಅದು ಮರುಕಳಿಸಬಾರದೆಂಬುದೇ ಇಂದಿನ ಬೇಡಿಕೆಯ ತಿರುಳು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಮಣಿಗಳ ಪಟ್ಟಿಯೊಂದನ್ನು ಅವರು ಅಂತರರಾಷ್ಟ್ರೀಯ ಒಪ್ಪಂದವೆಂದು ತೋರಿಸುತ್ತಾರೆಂದು ಓದಿದ್ದೇನೆ. ಬರಹವಿಲ್ಲದ ವಸ್ತು ಒಪ್ಪಂದವಾಗುವುದು ಹೇಗೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಟ್ಲಾಂಟಿಕ್ ಕರಾವಳಿಯ ಶಂಖದ ಜಾತಿಯ ಚಿಪ್ಪಿನಿಂದ ಬಿಳಿಯ ಮಣಿಗಳನ್ನೂ, ಕ್ವಾಹಾಗ್ ಎಂಬ ಕಪ್ಪೆಚಿಪ್ಪಿನಿಂದ ನೇರಳೆ ಮಣಿಗಳನ್ನೂ ಕೊರೆದು ನೇಯ್ದ ಪಟ್ಟಿಗೆ ವಾಂಪಮ್ ಎಂದು ಹೆಸರು. ಹಳೆಯ ದಿನಗಳ ಸಂಧಿಸಭೆಗಳಲ್ಲಿ ಪಟ್ಟಿಯನ್ನು ಮುಂದಿಡದೆ ಆಡಿದ ಮಾತಿಗೆ ತೂಕವಿರಲಿಲ್ಲ. ಪಟ್ಟಿಯನ್ನು ಕೈಯಲ್ಲಿ ಹಿಡಿದವನು ಅದರ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಒಪ್ಪಂದದ ಮಾತುಗಳನ್ನು ಸಭೆಯೆದುರು ಹೇಳಬೇಕಿತ್ತು, ಮುಂದಿನ ತಲೆಮಾರಿಗೆ ಕಲಿಸಬೇಕಿತ್ತು. ಎರಡೂ ಪಕ್ಷಗಳು ಆಗಾಗ ಕೂಡಿ ಸಂಬಂಧವನ್ನು ನವೀಕರಿಸದಿದ್ದರೆ ಒಪ್ಪಂದ ಮಾಸುತ್ತದೆ ಎಂಬುದು ಅವರ ರಾಜನೀತಿಯ ಮೂಲ ತಿಳಿವಳಿಕೆ. ಬ್ರಿಟಿಷರೊಂದಿಗಿನ ಮೈತ್ರಿಯನ್ನು ಅವರು ಬೆಳ್ಳಿಯ ಸರಪಳಿ ಎಂದು ಕರೆದದ್ದು ಅದಕ್ಕಾಗಿಯೇ. ಕಬ್ಬಿಣವಾದರೆ ತುಕ್ಕು ಹಿಡಿಯುತ್ತದೆ, ಬೆಳ್ಳಿಯೂ ಕಪ್ಪಾಗುತ್ತದೆ, ಆದರೆ ಉಜ್ಜಿದರೆ ಮತ್ತೆ ಹೊಳೆಯುತ್ತದೆ.

ತಾವು ಓದಿರುವುದು ಬಹುಶಃ ಎರಡು ಸಾಲಿನ ವಾಂಪಮ್ ಕುರಿತು. ಬಿಳಿಯ ನೆಲದ ಮೇಲೆ ಎರಡು ನೇರಳೆ ಸಾಲುಗಳು ಒಂದನ್ನೊಂದು ಮುಟ್ಟದೆ ಕೊನೆಯವರೆಗೆ ಸಾಗುತ್ತವೆ. ಬಿಳಿಯ ನೆಲ ನದಿ. ಒಂದು ಸಾಲು ಡಚ್ಚರ ಹಡಗು, ಇನ್ನೊಂದು ತಮ್ಮ ದೋಣಿ. ಒಂದೇ ನದಿಯಲ್ಲಿ ಜೊತೆಯಾಗಿ ಸಾಗೋಣ, ಆದರೆ ಒಬ್ಬರ ಚುಕ್ಕಾಣಿಗೆ ಇನ್ನೊಬ್ಬರು ಕೈ ಹಾಕುವುದು ಬೇಡ ಎಂಬುದು ಅದರ ತಾತ್ಪರ್ಯ. ಇದು 1613ರಷ್ಟು ಹಿಂದಿನದೆಂದು ಅವರ ಮೌಖಿಕ ಪರಂಪರೆ ಹೇಳುತ್ತದೆ. ಆ ವರ್ಷದ್ದೆಂದು ಕಳೆದ ಶತಮಾನದಲ್ಲಿ ಬೆಳಕಿಗೆ ಬಂದ ಡಚ್ ಕಾಗದವೊಂದು ನಕಲಿಯೆಂದು ಇತಿಹಾಸಕಾರರೂ ಭಾಷಾತಜ್ಞರೂ ತೋರಿಸಿದ್ದಾರೆ, ಕಾನೂನು ಓದುವವರಾದ ತಾವು ಇದನ್ನು ತಿಳಿದಿರಬೇಕು. ಆದರೆ ಯಾರೋ ಒಂದು ಕಾಗದವನ್ನು ಸೃಷ್ಟಿಸಿದರೆಂಬ ಕಾರಣಕ್ಕೆ, ಕಾಗದವನ್ನು ಎಂದೂ ನೆಚ್ಚಿರದ ಪರಂಪರೆಯ ನೆನಪು ಸುಳ್ಳಾಗುವುದಿಲ್ಲ. ಪರಸ್ಪರ ಸಮಾನತೆಯ ತತ್ತ್ವದ ಮೇಲೆ ಡಚ್ಚರೊಡನೆಯೂ ಅನಂತರ ಬ್ರಿಟಿಷರೊಡನೆಯೂ ವ್ಯವಹಾರ ನಡೆದದ್ದಕ್ಕೆ ಹದಿನೇಳು, ಹದಿನೆಂಟನೆಯ ಶತಮಾನಗಳ ದಾಖಲೆಗಳಲ್ಲಿ ಬೇಕಾದಷ್ಟು ಸಾಕ್ಷ್ಯವಿದೆ.

ಬರಹದ ಒಪ್ಪಂದವೇ ಬೇಕೆಂದರೆ 1794ರ ನವೆಂಬರ್ 11ರ ಕೆನಂಡೈಗ್ವಾ ಒಪ್ಪಂದವಿದೆ. ಜಾರ್ಜ್ ವಾಷಿಂಗ್ಟನ್ ಅವರ ಪರವಾಗಿ ಟಿಮೊತಿ ಪಿಕರಿಂಗ್ ಅದಕ್ಕೆ ಸಹಿ ಹಾಕಿದರು. ಆರು ರಾಷ್ಟ್ರಗಳ ನೆಲ ಅವರದೇ ಎಂದೂ, ಅಮೆರಿಕ ಅದನ್ನು ಎಂದೂ ತನ್ನದೆನ್ನುವುದಿಲ್ಲ, ಅಲ್ಲಿ ಅವರಿಗೆ ತೊಂದರೆ ಕೊಡುವುದಿಲ್ಲ ಎಂದೂ ಅದರಲ್ಲಿ ಬರೆದಿದೆ. ಅದರ ನೆನಪಿನ ಪಟ್ಟಿಯಲ್ಲಿ ಹದಿಮೂರು ಸಂಸ್ಥಾನಗಳನ್ನು ಸೂಚಿಸುವ ಹದಿಮೂರು ಮನುಷ್ಯಾಕೃತಿಗಳು ಕೈ ಕೈ ಹಿಡಿದು ನಿಂತಿವೆ. ನಡುವೆ ಒಂದು ಮನೆ, ಅದರ ಎರಡೂ ಬದಿಗೆ ಒಬ್ಬೊಬ್ಬರು.

ಹೀಗಿದ್ದೂ ಪೆನ್ಸಿಲ್ವೇನಿಯಾದ ಅಲಿಗೇನಿ ನದಿಗೆ 1965ರಲ್ಲಿ ಪೂರ್ಣಗೊಂಡ ಕಿನ್ಜುವಾ ಅಣೆಕಟ್ಟು ಸೆನೆಕಾ ಜನರ ಸುಮಾರು 10,000 ಎಕರೆ ನೆಲವನ್ನು ಮುಳುಗಿಸಿತು. ಸುಮಾರು 600 ಜನ ಮನೆ ಬಿಟ್ಟರು, ಪೂರ್ವಜರ ಸಮಾಧಿಗಳನ್ನು ಅಗೆದು ಬೇರೆಡೆಗೆ ಸಾಗಿಸಬೇಕಾಯಿತು. ಒಪ್ಪಂದವನ್ನು ಗೌರವಿಸಿ ಎಂದು ಸೆನೆಕಾ ರಾಷ್ಟ್ರ ನ್ಯಾಯಾಲಯಗಳಿಗೂ ಅಧ್ಯಕ್ಷ ಕೆನಡಿ ಅವರಿಗೂ ಮೊರೆಯಿಟ್ಟದ್ದು ಫಲಿಸಲಿಲ್ಲ. ಬರಹವಿದ್ದರೆ ಮಾತು ಉಳಿಯುತ್ತದೆ ಎಂಬ ನಮ್ಮ ನಂಬಿಕೆಯನ್ನು ಈ ಮುಳುಗಡೆಯ ಎದುರಿನಲ್ಲಿಟ್ಟು ನೋಡಬೇಕು.

ಪ್ರಶ್ನೆ: ನೂರು ವರ್ಷಗಳ ಹಿಂದೆ ಮೂಲನಿವಾಸಿ ನಾಯಕರೊಬ್ಬರು ರಾಷ್ಟ್ರಸಂಘದ ಬಾಗಿಲು ತಟ್ಟಿದ್ದರೆಂದು ಎಲ್ಲಿಯೋ ಕೇಳಿದ ನೆನಪು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದರೂ ಪಠ್ಯಪುಸ್ತಕದಲ್ಲಿ ಅವರ ಹೆಸರು ಕಂಡಿರಲಿಲ್ಲ. ತಿಳಿಸುವಿರಾ?
— ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ಗುರುಗಳೇ, ಅವರು ಡೆಸ್ಕಾಹೆ. ಇದು ಕಯೂಗಾ ರಾಷ್ಟ್ರದ ಒಂದು ನಾಯಕಪದವಿಯ ಹೆಸರು; ಆಗ ಆ ಪದವಿಯಲ್ಲಿದ್ದವರ ಇಂಗ್ಲಿಷ್ ಹೆಸರು ಲೀವೈ ಜನರಲ್. ಅವರ ಊರು ಕೆನಡಾದ ಒಂಟಾರಿಯೊ ಪ್ರಾಂತದ ಗ್ರ್ಯಾಂಡ್ ನದಿಯ ದಂಡೆಯ ಮೇಲಿತ್ತು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷರ ಪಕ್ಷ ವಹಿಸಿದ್ದ ಹೋಡೆನೊಶೋನಿಗಳು, 1779ರಲ್ಲಿ ವಾಷಿಂಗ್ಟನ್ನರ ಸೇನೆ ನಲವತ್ತಕ್ಕೂ ಹೆಚ್ಚು ಊರುಗಳನ್ನು ಅವುಗಳ ಪೈರು, ಹಣ್ಣಿನ ತೋಟಗಳ ಸಮೇತ ಸುಟ್ಟ ಮೇಲೆ ನೆಲೆ ಕಳೆದುಕೊಂಡಿದ್ದರು. ಅವರಿಗೆ 1784ರ ಹಾಲ್ಡಿಮಂಡ್ ಘೋಷಣೆಯ ಮೂಲಕ ಆ ನದಿಯ ಎರಡೂ ದಡಗಳಲ್ಲಿ ಆರಾರು ಮೈಲಿ ಅಗಲದ ನೆಲ ಕೊಡಲಾಯಿತು. ಅವರು ಅಲ್ಲಿಗೆ ಹೋದದ್ದು ಮಿತ್ರರಾಗಿ, ತಮ್ಮ ಸಭೆಯನ್ನೂ ನಾಯಕರನ್ನೂ ಕರೆದುಕೊಂಡು.

1920ರ ಹೊತ್ತಿಗೆ ಕೆನಡಾ ಸರ್ಕಾರ ಆ ಸಭೆಯನ್ನು ಮುಗಿಸಲು ಹೊರಟಿತ್ತು. ಮೂಲನಿವಾಸಿಗಳ ಇಲಾಖೆಯ ಹಿರಿಯ ಅಧಿಕಾರಿ ಡಂಕನ್ ಕ್ಯಾಂಬೆಲ್ ಸ್ಕಾಟ್ ಕವಿಯಾಗಿಯೂ ಪ್ರಸಿದ್ಧರು, ಮೂಲನಿವಾಸಿಗಳು ಪ್ರತ್ಯೇಕ ಜನಾಂಗವಾಗಿ ಉಳಿಯದಂತೆ ಕೆನಡಾದ ಸಮಾಜದಲ್ಲಿ ಕರಗಿಹೋಗಬೇಕೆಂಬುದು ಅವರ ಘೋಷಿತ ನೀತಿಯಾಗಿತ್ತು. ಆ ವರ್ಷ ಬಂದ ಕಾನೂನು, ಕೇಳದವರ ಮೇಲೂ ಕೆನಡಾದ ಪೌರತ್ವವನ್ನು ಹೇರುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಡೆಸ್ಕಾಹೆ 1921ರಲ್ಲಿ ಲಂಡನ್ನಿಗೆ ಹೋಗಿ ದೊರೆಗೆ ಅಹವಾಲು ಸಲ್ಲಿಸಲು ಯತ್ನಿಸಿದರು. ಅದು ಕೆನಡಾದ ಆಂತರಿಕ ವಿಷಯವೆಂದು ಅಲ್ಲಿಂದ ಉತ್ತರ ಬಂತು.

ಆಗ ಅವರು ಮಾಡಿದ ಕೆಲಸದಲ್ಲಿ ಅವರ ರಾಜತಾಂತ್ರಿಕ ಜಾಣ್ಮೆ ಕಾಣುತ್ತದೆ. ವಿಶ್ವಸಂಸ್ಥೆಗೆ ಮೊದಲು ಜಿನೀವಾದಲ್ಲಿದ್ದ ರಾಷ್ಟ್ರಸಂಘದ ಮುಂದೆ ವಿಷಯ ಇಡಲು ಯಾವುದಾದರೂ ಸದಸ್ಯರಾಷ್ಟ್ರ ಮುಂದಾಗಬೇಕಿತ್ತು. ಆರು ರಾಷ್ಟ್ರಗಳ ಸಭೆ ಕೇಳಿಕೊಂಡದ್ದು ನೆದರ್ಲೆಂಡ್ಸ್ ದೇಶವನ್ನು, ಅಂದರೆ ಎರಡು ಸಾಲಿನ ಪಟ್ಟಿಯ ಹಡಗಿನಲ್ಲಿ ಬಂದ ತಮ್ಮ ಅತ್ಯಂತ ಹಳೆಯ ಮಿತ್ರರನ್ನು. ಮುನ್ನೂರು ವರ್ಷ ಹಿಂದಿನ ಸ್ನೇಹವನ್ನು ನೆನಪಿಸಿ ಕೇಳಿದ ಈ ಸಹಾಯವನ್ನು ಡಚ್ ಸರ್ಕಾರ ತಳ್ಳಿಹಾಕಲಿಲ್ಲ. 1923ರಲ್ಲಿ ಮನವಿಯನ್ನು ಜಿನೀವಾಕ್ಕೆ ರವಾನಿಸಿತು. ಅದೇ ವರ್ಷ ಡೆಸ್ಕಾಹೆ, ರಾಚೆಸ್ಟರ್ ನಗರದ ವಕೀಲ ಜಾರ್ಜ್ ಡೆಕರ್ ಅವರ ನೆರವಿನೊಂದಿಗೆ, ತಮ್ಮ ಜನರು ಕೊಟ್ಟ ಪಾಸ್‌ಪೋರ್ಟ್ ಹಿಡಿದು ಜಿನೀವಾ ತಲುಪಿದರು. ಸದಸ್ಯವಲ್ಲದ ರಾಜ್ಯವೊಂದು ವಿವಾದದಲ್ಲಿ ಸಿಲುಕಿದಾಗ ಸಂಘ ಮಧ್ಯಸ್ಥಿಕೆ ವಹಿಸಲು ಅವಕಾಶವಿದ್ದ ನಿಬಂಧನೆಯ 17ನೆಯ ವಿಧಿಯನ್ನು ಅವರ ಮನವಿ ಆಧರಿಸಿತ್ತು. ಪರ್ಷಿಯಾ, ಐರ್ಲೆಂಡ್, ಎಸ್ಟೋನಿಯಾ ಮತ್ತು ಪನಾಮಾ ದೇಶಗಳ ಪ್ರತಿನಿಧಿಗಳು ವಿಷಯವನ್ನು ಸಭೆಯ ಗಮನಕ್ಕೆ ತರಬೇಕೆಂದು ಪತ್ರ ಬರೆದರು. ಬ್ರಿಟನ್ ತೆರೆಮರೆಯಲ್ಲಿ ಒತ್ತಡ ಹೇರಿತು, ಅಹವಾಲು ಚರ್ಚೆಗೇ ಬರಲಿಲ್ಲ.

ಇಲ್ಲಿ ನಮಗೆ ಸಂಬಂಧಿಸಿದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಆ ಸಭಾಂಗಣದಲ್ಲಿ ಭಾರತಕ್ಕೆ ಆಸನವಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮ್ಮ ದೇಶ ರಾಷ್ಟ್ರಸಂಘದ ಮೂಲಸದಸ್ಯರಲ್ಲೊಂದು. ಸ್ವತಂತ್ರವಲ್ಲದ ನಮಗೆ ಕುರ್ಚಿ ಸಿಕ್ಕಿತ್ತು, ತಾನು ಯಾರ ಅಧೀನವೂ ಅಲ್ಲವೆಂದು ಒಪ್ಪಂದಗಳನ್ನು ಮುಂದಿಟ್ಟ ರಾಷ್ಟ್ರ ಹೊರಗೆ ನಿಂತಿತ್ತು. ಸಾರ್ವಭೌಮತ್ವದ ಅರ್ಹತೆಯನ್ನು ಆ ಸಂಘ ಯಾವ ತಕ್ಕಡಿಯಲ್ಲಿ ತೂಗುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಡೆಸ್ಕಾಹೆ ಸುಮ್ಮನೆ ಮರಳಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನಲ್ಲಿದ್ದು, ಸ್ವಿಟ್ಜರ್ಲೆಂಡಿನ ಊರೂರುಗಳಲ್ಲಿ ಭಾಷಣ ಮಾಡಿ ಜನರ ಬೆಂಬಲ ಗಳಿಸಿದರು. ಅವರು ದೂರವಿದ್ದಾಗಲೇ, 1924ರ ಅಕ್ಟೋಬರಿನಲ್ಲಿ, ಕೆನಡಾ ಸರ್ಕಾರ ಗ್ರ್ಯಾಂಡ್ ನದಿಯ ಪಾರಂಪರಿಕ ಸಭೆಯನ್ನು ವಿಸರ್ಜಿಸಿ ಚುನಾಯಿತ ಮಂಡಳಿಯನ್ನು ಹೇರಿತು. ಪೊಲೀಸರು ವಾಂಪಮ್ ಪಟ್ಟಿಗಳನ್ನೂ ದಾಖಲೆಗಳನ್ನೂ ವಶಪಡಿಸಿಕೊಂಡರು. ಡೆಸ್ಕಾಹೆ ಮತ್ತೆ ತಮ್ಮ ಮನೆಗೆ ಹೋಗಲಾಗಲಿಲ್ಲ. ರಾಚೆಸ್ಟರಿನಲ್ಲಿ ನಿಂತು, 1925ರ ಮಾರ್ಚ್ 10ರಂದು ರೇಡಿಯೊ ಮೂಲಕ ತಮ್ಮ ಕೊನೆಯ ಭಾಷಣ ಮಾಡಿದರು. ಅದೇ ಜೂನ್ 27ರಂದು, ನಯಾಗರಾ ಸಮೀಪದ ಟಸ್ಕರೋರಾ ನೆಲದಲ್ಲಿ, ನಾಯಕ ಕ್ಲಿಂಟನ್ ರಿಕರ್ಡ್ ಅವರ ಮನೆಯಲ್ಲಿ ತೀರಿಕೊಂಡರು. ಕಾಯಿಲೆ ಬಿದ್ದಿದ್ದ ಅವರಿಗೆ ತಮ್ಮ ಪದ್ಧತಿಯ ಮದ್ದು ಕೊಡಲು ಗ್ರ್ಯಾಂಡ್ ನದಿಯಿಂದ ಹೊರಟ ವೈದ್ಯರನ್ನು ಗಡಿಯಲ್ಲಿ ತಡೆಯಲಾಯಿತೆಂದು ರಿಕರ್ಡ್ ಹೇಳಿದ್ದಾರೆ. ಆ ನೋವಿನಲ್ಲೇ ರಿಕರ್ಡ್ 1926ರಲ್ಲಿ ಕಟ್ಟಿದ ಸಂಘ, ತಮ್ಮ ಜನರು ಅಮೆರಿಕ-ಕೆನಡಾ ಗಡಿಯನ್ನು ಮುಕ್ತವಾಗಿ ದಾಟುವ ಹಕ್ಕಿಗಾಗಿ ಹೋರಾಡಿತು. ಇಂದಿಗೂ ಪ್ರತಿ ಬೇಸಿಗೆಯಲ್ಲಿ ಅವರು ನಯಾಗರಾ ಜಲಪಾತದ ಬಳಿ ಸೇತುವೆಯ ಮೇಲೆ ಮೆರವಣಿಗೆಯಲ್ಲಿ ಗಡಿ ದಾಟುತ್ತಾರೆ. ಕೆನಡಾವಾದರೋ 1927ರಲ್ಲಿ, ಮೂಲನಿವಾಸಿಗಳು ತಮ್ಮ ಹಕ್ಕಿನ ದಾವೆಗಳಿಗಾಗಿ ಸರ್ಕಾರದ ಅನುಮತಿಯಿಲ್ಲದೆ ಹಣ ಕೂಡಿಸುವುದನ್ನೇ ಅಪರಾಧವಾಗಿಸಿತು. ಆ ನಿಷೇಧ 1951ರವರೆಗೂ ಇತ್ತು. ಇನ್ನೊಬ್ಬ ಡೆಸ್ಕಾಹೆ ಜಿನೀವಾ ತಲುಪದಂತೆ ನೋಡಿಕೊಳ್ಳುವುದೇ ಅದರ ಪರಿಣಾಮವಾಗಿತ್ತು.

ಆದರೂ ತಲುಪಿದರು. 1977ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಆವರಣದಲ್ಲಿ ಅಮೆರಿಕ ಖಂಡಗಳ ಮೂಲನಿವಾಸಿಗಳ ಮೇಲಿನ ತಾರತಮ್ಯವನ್ನು ಕುರಿತು ಸಮ್ಮೇಳನ ನಡೆದಾಗ, ಹೋಡೆನೊಶೋನಿ ನಿಯೋಗ ತಮ್ಮದೇ ಪಾಸ್‌ಪೋರ್ಟಿನ ಮೇಲೆ ಸ್ವಿಟ್ಜರ್ಲೆಂಡನ್ನು ಪ್ರವೇಶಿಸಿತು. ಒನೊಂಡಾಗಾದ ಓರೆನ್ ಲಯನ್ಸ್ ಆ ನಿಯೋಗದ ಪ್ರಮುಖರಲ್ಲೊಬ್ಬರು. ಮುಂದೆ 1992ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮಹಾಧಿವೇಶನದ ವೇದಿಕೆಯಿಂದಲೂ ಅವರು ಮಾತನಾಡಿದರು. ಆ ಸಮ್ಮೇಳನದ ಮುಂದುವರಿಕೆಯಾಗಿ 1982ರಲ್ಲಿ ಕಾರ್ಯತಂಡ ರಚನೆಯಾಗಿ, ಅಲ್ಲಿ ವರ್ಷಗಟ್ಟಲೆ ನಡೆದ ವಾದ ಸಂವಾದದ ಫಲವಾಗಿ 2007ರಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಅಂಗೀಕಾರವಾಯಿತು. 2020ರಲ್ಲಿ, 2022ರ ವಿಶ್ವ ಕ್ರೀಡಾಕೂಟದಿಂದ ಹೋಡೆನೊಶೋನಿ ಲಕ್ರಾಸ್ ತಂಡ ಹೊರಗುಳಿಯುವ ಸ್ಥಿತಿ ಬಂದಾಗ, ತನ್ನ ಸ್ಥಾನವನ್ನು ಬಿಟ್ಟುಕೊಟ್ಟು ಅವರಿಗೆ ದಾರಿಮಾಡಿದ್ದು ಐರ್ಲೆಂಡ್ ತಂಡ. 1923ರ ಪತ್ರಕ್ಕೆ ಸಹಿ ಹಾಕಿದ ನಾಲ್ಕು ದೇಶಗಳಲ್ಲಿ ಐರ್ಲೆಂಡ್ ಒಂದಾಗಿತ್ತೆಂಬುದನ್ನು ತಮ್ಮಂಥ ಇತಿಹಾಸದ ಅಧ್ಯಾಪಕರು ಸಂತೋಷದಿಂದ ಗಮನಿಸುವಿರೆಂದು ನಂಬುತ್ತೇನೆ.

ಪ್ರಶ್ನೆ: ಅಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆಯಂತೆ. ನಮ್ಮ ಕಡೆಯ ಅಳಿಯಕಟ್ಟಿನಂತೆಯೇ ಇದೆಯೆ?
— ಓದುಗರೊಬ್ಬರು, ಉಡುಪಿ

ಉತ್ತರ: ವಂಶ ಹೆಣ್ಣಿನ ಕಡೆಯಿಂದ ಸಾಗುವುದರಲ್ಲಿ ಸಾಮ್ಯವಿದೆ. ಅಧಿಕಾರದ ವಿಷಯಕ್ಕೆ ಬಂದರೆ ಅವರ ಕಟ್ಟು ಇನ್ನೂ ಒಂದು ಹೆಜ್ಜೆ ಮುಂದಿದೆ. ಅಳಿಯಕಟ್ಟಿನಲ್ಲಿ ಯಜಮಾನಿಕೆ ಸಾಮಾನ್ಯವಾಗಿ ಮಾವನಿಂದ ಸೋದರಳಿಯನಿಗೆ ಸಲ್ಲುತ್ತಿತ್ತು. ಹೋಡೆನೊಶೋನಿಗಳಲ್ಲಿ ಮಹಾಸಭೆಯ ಐವತ್ತು ನಾಯಕಪದವಿಗಳು ಕುಲಗಳ ಸ್ವತ್ತು, ಅವುಗಳಿಗೆ ಯಾರನ್ನು ಕೂರಿಸಬೇಕೆಂದು ಆರಿಸುವವರು ಕುಲಮಾತೆಯರು. ನಾಯಕ ದಾರಿ ತಪ್ಪಿದರೆ ಮೂರು ಬಾರಿ ಎಚ್ಚರಿಸಿ, ತಿದ್ದಿಕೊಳ್ಳದಿದ್ದರೆ ಪದವಿಯ ಗುರುತಾದ ಜಿಂಕೆಕೊಂಬಿನ ಕಿರೀಟವನ್ನು ಕಳಚುವವರೂ ಅವರೇ. ಡೆಸ್ಕಾಹೆಯನ್ನು ಜಿನೀವಾಕ್ಕೆ ಕಳಿಸಿದ ಸಭೆ ಇಂತಹದ್ದಾಗಿತ್ತು. 1924ರಲ್ಲಿ ಕೆನಡಾ ಹೇರಿದ ಮಂಡಳಿಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಗಂಡಸರಿಗೆ ಮಾತ್ರವಿತ್ತು. ಸುಧಾರಣೆಯ ಹೆಸರಿನಲ್ಲಿ ಆ ಹೆಂಗಸರಿಂದ ಕಿತ್ತುಕೊಂಡದ್ದು ಎಷ್ಟು ದೊಡ್ಡದು ಎಂಬುದನ್ನು ತಾವೇ ಅಳೆಯಬಹುದು.

ಪ್ರಶ್ನೆ: ಅಮೆರಿಕದ ಸಂವಿಧಾನವನ್ನು ಇವರಿಂದಲೇ ತೆಗೆದುಕೊಂಡರೆಂದು ಹೇಳುತ್ತಾರಲ್ಲ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಅಷ್ಟು ನೇರವಾಗಿ ಹೇಳುವುದು ಸರಿಯಲ್ಲ. 1744ರಲ್ಲಿ ಲ್ಯಾಂಕಾಸ್ಟರ್ ಸಂಧಿಸಭೆಯಲ್ಲಿ ಒನೊಂಡಾಗಾದ ಕನಸಟೆಗೊ, ನಮ್ಮಂತೆ ನೀವೂ ಒಂದಾಗಿರಿ ಎಂದು ಬ್ರಿಟಿಷ್ ವಸಾಹತುಗಳಿಗೆ ಬುದ್ಧಿ ಹೇಳಿದ್ದು, ಆ ಮಾತನ್ನು ಬೆಂಜಮಿನ್ ಫ್ರ್ಯಾಂಕ್ಲಿನ್ ಅಚ್ಚು ಹಾಕಿದ್ದು ನಿಜ. ಒಕ್ಕೂಟದ ಕೊಡುಗೆಯನ್ನು ಸ್ಮರಿಸಿ ಅಮೆರಿಕದ ಸಂಸತ್ತು 1988ರಲ್ಲಿ ನಿರ್ಣಯವನ್ನೂ ಅಂಗೀಕರಿಸಿದೆ. ಆದರೆ ಎಲ್ಲರೂ ಒಪ್ಪುವವರೆಗೆ ಮಾತು ಮುಂದುವರಿಸುವ, ಹೆಂಗಸರು ನಾಯಕರನ್ನು ಆರಿಸಿ ಇಳಿಸುವ ವ್ಯವಸ್ಥೆಯನ್ನು 1787ರ ಸಂವಿಧಾನದಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೇರೆಯವರ ಸಂವಿಧಾನಕ್ಕೆ ಮಾದರಿಯಾಗಿತ್ತೆಂದು ಸಾಧಿಸಿದರೆ ಮಾತ್ರ ಅವರ ವ್ಯವಸ್ಥೆಗೆ ಬೆಲೆ ಎಂಬಂತೆ ನಡೆಯುವ ಚರ್ಚೆ ನನಗೆ ಒಪ್ಪಿಗೆಯಿಲ್ಲ. ಅದು ತನ್ನಷ್ಟಕ್ಕೇ ಬೆಲೆಯುಳ್ಳದ್ದು, ಮತ್ತು ಇನ್ನೂ ಜೀವಂತವಿದೆ.

ಪ್ರಶ್ನೆ: ನಾನು ಕಾಡಂಚಿನ ಹಾಡಿಗಳಲ್ಲಿ ಕೆಲಸ ಮಾಡುವವನು. 2007ರ ಘೋಷಣೆಗೆ ಭಾರತ ಒಪ್ಪಿದೆಯೇ? ಒಪ್ಪಿದ್ದರೆ ಜೇನುಕುರುಬರು, ಸೋಲಿಗರು ಅದನ್ನು ಆಧರಿಸಬಹುದೇ?
— ಓದುಗರೊಬ್ಬರು, ಹೆಗ್ಗಡದೇವನಕೋಟೆ

ಉತ್ತರ: 2007ರ ಸೆಪ್ಟೆಂಬರ್ 13ರಂದು 144 ದೇಶಗಳು ಪರವಾಗಿ ಮತ ಹಾಕಿದವು, ಅವುಗಳಲ್ಲಿ ಭಾರತವೂ ಒಂದು. ವಿರೋಧಿಸಿದವು ನಾಲ್ಕೇ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಈ ನಾಲ್ಕೂ ಕೆಲವೇ ವರ್ಷಗಳಲ್ಲಿ ನಿಲುವು ಬದಲಿಸಿದವು. ಆದರೆ ಭಾರತ ಸರ್ಕಾರದ ವ್ಯಾಖ್ಯಾನದಂತೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ, ಸ್ವನಿರ್ಣಯದ ಹಕ್ಕು ಪರಕೀಯರ ಆಳ್ವಿಕೆಯಲ್ಲಿರುವವರಿಗೆ ಮಾತ್ರ ಅನ್ವಯಿಸುವಂಥದ್ದು. ಹೀಗಾಗಿ ಪರವಾಗಿ ಹಾಕಿದ ಮತ ಹಾಡಿಯವರೆಗೆ ಇಳಿದು ಬರುವುದಿಲ್ಲ. ಘೋಷಣೆ ಕಾನೂನಿನಂತೆ ಬದ್ಧಗೊಳಿಸುವ ದಸ್ತಾವೇಜೂ ಅಲ್ಲ.

ಹೋಡೆನೊಶೋನಿಗಳಿಗೂ ನಮ್ಮ ಆದಿವಾಸಿಗಳಿಗೂ ಒಂದು ವ್ಯತ್ಯಾಸವಿರುವುದನ್ನು ಮರೆಯಬಾರದು. ಅವರು ಒಪ್ಪಂದವನ್ನು ಮುಂದಿಟ್ಟು, ನಿಮ್ಮ ಸಂವಿಧಾನ ನಮ್ಮದಲ್ಲ ಎನ್ನುತ್ತಾರೆ. ಇಲ್ಲಿನ ಹೋರಾಟಗಳು ಬಹುಪಾಲು ನಮ್ಮ ಸಂವಿಧಾನವನ್ನೇ ಹಿಡಿದು, ಅದರ ಭರವಸೆಯನ್ನು ಈಡೇರಿಸಿ ಎನ್ನುತ್ತವೆ. ಆದ್ದರಿಂದ ತಮಗೆ ಹೆಚ್ಚು ಒದಗುವುದು 2006ರ ಅರಣ್ಯ ಹಕ್ಕು ಕಾಯ್ದೆ ಮತ್ತು ಅದರಡಿ ಗ್ರಾಮಸಭೆಗಿರುವ ಅಧಿಕಾರ. ಘೋಷಣೆಯನ್ನು ಅದರ ಜೊತೆಗಿನ ನೈತಿಕ ಆಧಾರವಾಗಿ ಧೈರ್ಯವಾಗಿ ಬಳಸಿ.

ಪ್ರಶ್ನೆ: ನಾವು ಹನ್ನೆರಡು ವರ್ಷಗಳಿಂದ ಸಿರಾಕ್ಯೂಸಿನಲ್ಲಿದ್ದೇವೆ, ಇಲ್ಲಿಯೇ ಮನೆ ಕೊಂಡಿದ್ದೇವೆ. ಈ ಊರೆಲ್ಲ ಒನೊಂಡಾಗಾ ನೆಲವೆಂದು ಶಾಲೆಯ ಸಮಾರಂಭಗಳಲ್ಲಿ ಹೇಳುತ್ತಾರೆ. ಹಾಗಾದರೆ ಅವರು ಕೇಳುತ್ತಿರುವುದೇನು? ನಮ್ಮಂಥವರು ಮನೆ ಬಿಡಬೇಕಾದೀತೆ?
— ಕನ್ನಡಿಗರೊಬ್ಬರು, ಅಮೆರಿಕ

ಉತ್ತರ: ಖಂಡಿತ ಇಲ್ಲ. ಒನೊಂಡಾಗಾ ರಾಷ್ಟ್ರ 2005ರಲ್ಲಿ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಯಾರನ್ನೂ ಒಕ್ಕಲೆಬ್ಬಿಸುವ ಬೇಡಿಕೆಯಿರಲಿಲ್ಲ. ನ್ಯೂಯಾರ್ಕ್ ರಾಜ್ಯ ಒಪ್ಪಂದಗಳನ್ನೂ ಒಕ್ಕೂಟ ಸರ್ಕಾರದ ಕಾನೂನನ್ನೂ ಮೀರಿ ತಮ್ಮ ನೆಲ ಪಡೆಯಿತೆಂದು ಘೋಷಿಸಬೇಕು, ಒನೊಂಡಾಗಾ ಸರೋವರವನ್ನೂ ಅದರ ನೀರನ್ನೂ ಶುದ್ಧಗೊಳಿಸುವುದರಲ್ಲಿ ತಮ್ಮ ಮಾತು ನಡೆಯಬೇಕು ಎಂದಷ್ಟೇ ಅವರು ಕೇಳಿದ್ದರು. ಶಾಂತಿಕಾರ ಐದು ರಾಷ್ಟ್ರಗಳನ್ನು ಕೂಡಿಸಿದ್ದು ಆ ಸರೋವರದ ದಡದಲ್ಲೇ ಎಂಬುದು ಅವರ ಪರಂಪರೆ. ಕಾರ್ಖಾನೆಗಳು ದಶಕಗಳ ಕಾಲ ಸುರಿದ ಪಾದರಸದಿಂದ ಅದು ದೇಶದ ಅತ್ಯಂತ ಕಲುಷಿತ ಸರೋವರಗಳ ಪಟ್ಟಿಗೆ ಸೇರಿತ್ತು.

ಅದೇ 2005ರಲ್ಲಿ, ಒನೈಡಾ ರಾಷ್ಟ್ರದ ಶೆರಿಲ್ ಮೊಕದ್ದಮೆಯಲ್ಲಿ, ಇಷ್ಟು ಕಾಲ ಕಳೆದ ಮೇಲೆ ಹಳೆಯ ಸಾರ್ವಭೌಮತ್ವವನ್ನು ಮರಳಿ ಎತ್ತುವಂತಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕ್ರೈಸ್ತ ದೇಶಗಳು 'ಕಂಡುಹಿಡಿದ' ನೆಲ ಅವುಗಳದೇ ಎಂಬ ಹದಿನೈದನೆಯ ಶತಮಾನದ ಸಿದ್ಧಾಂತವನ್ನು ಆ ತೀರ್ಪಿನ ಮೊದಲ ಅಡಿಟಿಪ್ಪಣಿ ಉಲ್ಲೇಖಿಸುತ್ತದೆ. ಒನೊಂಡಾಗಾದವರ ಅರ್ಜಿ 2010ರಲ್ಲಿ ವಜಾ ಆಯಿತು. ಅವರು 2014ರಲ್ಲಿ ಅಮೆರಿಕ ಖಂಡಗಳ ಮಾನವಹಕ್ಕು ಆಯೋಗದ ಮೊರೆಹೊಕ್ಕರು, ಆಯೋಗ ಅದನ್ನು ವಿಚಾರಣೆಗೆ ಅರ್ಹವೆಂದು ಒಪ್ಪಿದೆ. ಆ ಹಳೆಯ ಸಿದ್ಧಾಂತ ತನ್ನ ಬೋಧನೆಯ ಭಾಗವಲ್ಲವೆಂದು 2023ರ ಮಾರ್ಚ್ 30ರಂದು ವ್ಯಾಟಿಕನ್ ಕೈಬಿಟ್ಟಿತು. ಆ ಸಿದ್ಧಾಂತವನ್ನು ಕೈಬಿಡಬೇಕೆಂಬ ಬೇಡಿಕೆಯನ್ನು ಲೋಕದ ವೇದಿಕೆಗೆ ಒಯ್ದವರಲ್ಲಿ ಒನೊಂಡಾಗಾದ ವಕೀಲೆ ಟಾನ್ಯಾ ಗೊನೆಲಾ ಫ್ರಿಕ್ನರ್ ಅವರೂ ಒಬ್ಬರು. ವಿಶ್ವಸಂಸ್ಥೆಯ ಮೂಲನಿವಾಸಿಗಳ ವೇದಿಕೆಗಾಗಿ ಅದರ ಕುರಿತು ವರದಿ ಸಿದ್ಧಪಡಿಸಿದ ಅವರು ಈ ದಿನವನ್ನು ನೋಡಲು ಉಳಿದಿರಲಿಲ್ಲ.

ತಮ್ಮ ಊರಿನ ಬಳಿಯೇ ಒಂದು ಬೆಳವಣಿಗೆ ಆಗಿದೆ. ಸರೋವರದ ಮಾಲಿನ್ಯದ ಪರಿಹಾರದ ಭಾಗವಾಗಿ, ಟಲಿ ಕಣಿವೆಯ 1,000ಕ್ಕೂ ಹೆಚ್ಚು ಎಕರೆ ನೆಲವನ್ನು ಒನೊಂಡಾಗಾ ರಾಷ್ಟ್ರಕ್ಕೆ ಮರಳಿಸುವ ನಿರ್ಧಾರ 2022ರಲ್ಲಿ ಪ್ರಕಟವಾಯಿತು. ಒನೊಂಡಾಗಾ ಹಳ್ಳದ ಮೂಲಧಾರೆಗಳು ಅಲ್ಲಿವೆ, ಆ ತಣ್ಣೀರಿನಲ್ಲಿ ಟ್ರೌಟ್ ಮೀನುಗಳು ಇನ್ನೂ ಇವೆ.

ಮಕ್ಕಳನ್ನು ಕರೆದುಕೊಂಡು ನವೆಂಬರ್ 11ರಂದು ಕೆನಂಡೈಗ್ವಾಕ್ಕೆ ಹೋಗಿ ಬನ್ನಿ. ತಮ್ಮಲ್ಲಿಂದ ಒಂದೂವರೆ ಗಂಟೆಯ ದಾರಿ. ಒಪ್ಪಂದದ ವಾರ್ಷಿಕ ಸ್ಮರಣೆ ಅಲ್ಲಿ ನ್ಯಾಯಾಲಯದ ಮುಂದಿನ ಸ್ಮಾರಕಶಿಲೆಯ ಬಳಿ ನಡೆಯುತ್ತದೆ, ಸಾರ್ವಜನಿಕರಿಗೂ ಪ್ರವೇಶವಿದೆ. ವರ್ಷಕ್ಕೆ 4,500 ಡಾಲರ್ ಮೌಲ್ಯದ ಬಟ್ಟೆ ಮೊದಲಾದ ವಸ್ತುಗಳನ್ನು ಕೊಡುವುದಾಗಿ ಅಮೆರಿಕ 1794ರಲ್ಲಿ ಒಪ್ಪಿಕೊಂಡಿತ್ತು. ಬೆಲೆ ಏರಿ ಏರಿ ಒಬ್ಬೊಬ್ಬರ ಪಾಲಿಗೆ ಈಗ ಬರುವುದು ತೆಳುವಾದ ಮಸ್ಲಿನ್ ಬಟ್ಟೆಯ ಸಣ್ಣ ತುಂಡು. ಅದರ ಬದಲು ಹಣ ತೆಗೆದುಕೊಳ್ಳಿ ಎಂದರೂ ಅವರು ಒಪ್ಪಿಲ್ಲ. ಬಟ್ಟೆ ಬರುತ್ತಿರುವವರೆಗೆ ಒಪ್ಪಂದ ಜಾರಿಯಲ್ಲಿದೆ ಎಂಬುದನ್ನು ಕೊಡುವವರೇ ವರ್ಷವರ್ಷವೂ ಒಪ್ಪಿಕೊಂಡಂತೆ ಎಂದು ಅವರು ಹೇಳುತ್ತಾರೆ.